ಎಂಟು ತರಗತಿ, ಇಬ್ಬರು ಟೀಚರು: ಮೆನ್ನೊನೈಟ್ ಹಳ್ಳಿ ಶಾಲೆ ನಡೆಯುವ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಹೊಲಗಳ ನಡುವೆ ಅಲ್ಲಲ್ಲಿ ಪುಟ್ಟ ಶಾಲಾ ಕಟ್ಟಡಗಳು ಸಿಗುತ್ತವೆ. ಒಂದೇ ಅಂತಸ್ತು, ಎರಡೋ ಮೂರೋ ಕೋಣೆ, ಪಕ್ಕದಲ್ಲಿ ಸಾಫ್ಟ್‌ಬಾಲ್ ಆಡುವಷ್ಟು ಬಯಲು. ಅಮೆರಿಕದ ಬೇರೆ ಶಾಲೆಗಳ ಮುಂದೆ ತಪ್ಪದೆ ಕಾಣುವ ಧ್ವಜಸ್ತಂಭ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದರಿಂದ ಎಂಟನೇ ತರಗತಿವರೆಗೆ ಮೂವತ್ತು ನಲವತ್ತು ಮಕ್ಕಳು, ಅವರಿಗೆ ಇಬ್ಬರು ಟೀಚರು. ಇವು ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಸಂಪ್ರದಾಯಸ್ಥ ಕುಟುಂಬಗಳು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಶಾಲೆಗಳು. ಇಂಥವು ಒಹಾಯೊ, ವರ್ಜೀನಿಯಾ, ಕೆಂಟಕಿ ರಾಜ್ಯಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಇವೆ.

ದೂರದಿಂದ ನೋಡಿದವರಿಗೆ ಇಲ್ಲಿ ಎಲ್ಲವೂ ಭಕ್ತಿ ಮತ್ತು ಸರಳತೆಯ ಬಲದಿಂದ ತಾನಾಗಿ ಸಾಗುತ್ತಿದೆ ಅನ್ನಿಸುತ್ತದೆ. ಒಂದು ವಾರ ಒಳಗೆ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ಈ ಶಾಲೆಯನ್ನು ಎತ್ತಿಹಿಡಿದಿರುವುದು ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿದ ವೇಳಾಪಟ್ಟಿ ಮತ್ತು ಪೋಷಕರ ಸಂಬಳವಿಲ್ಲದ ದುಡಿಮೆ. ಎರಡರಲ್ಲಿ ಒಂದು ಸಡಿಲವಾದರೂ ಅದೇ ವರ್ಷ ಫಲ ಗೊತ್ತಾಗುತ್ತದೆ.

ಇವರು ಯಾರು, ಸ್ವಂತ ಶಾಲೆ ಯಾಕೆ

1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಕೊಟ್ಟುಕೊಂಡರು. ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿ ಪಡೆಯಬೇಕು ಅನ್ನುವುದು ಅವರ ವಾದ. ಇದಕ್ಕಾಗಿ ನೂರಾರು ಜನ ಪ್ರಾಣ ಕಳೆದುಕೊಂಡರು. 1536ರಲ್ಲಿ ಕ್ಯಾಥೊಲಿಕ್ ಪಾದ್ರಿಯ ಕೆಲಸ ಬಿಟ್ಟು ಇವರನ್ನು ಸೇರಿದ ನೆದರ್‌ಲೆಂಡ್ಸ್ ಕಡೆಯ ಮೆನ್ನೊ ಸೈಮನ್ಸ್‌ನಿಂದ ಈ ಹೆಸರು ಬಂತು. 1683ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪಕ್ಕದ ಜರ್ಮನ್‌ಟೌನ್‌ನಲ್ಲಿ ಇವರ ಮೊದಲ ನೆಲೆ ಊರಿತು. ಇದೇ ಗುಂಪಿನಿಂದ 1693ರಲ್ಲಿ ಯೂರೋಪಿನಲ್ಲಿ ಒಡೆದು ಬೇರೆಯಾದವರು ಆಮಿಶರು. ಕುದುರೆಗಾಡಿ ಕಂಡ ಕೂಡಲೇ ಆಮಿಶ್ ಎನ್ನುವುದು ವಾಡಿಕೆ, ಆದರೆ ಕುದುರೆಗಾಡಿಯಲ್ಲೇ ಓಡಾಡುವ ಮೆನ್ನೊನೈಟರೂ ಇದ್ದಾರೆ. ಬಹುಪಾಲು ಮೆನ್ನೊನೈಟರು ಈಗ ಊರಿನ ಉಳಿದವರಂತೆಯೇ ಬದುಕುತ್ತಾರೆ, ಕಾಲೇಜುಗಳನ್ನೂ ನಡೆಸುತ್ತಾರೆ. ಈ ಲೇಖನದ ಶಾಲೆಗಳು ನಡುವಿನ ಒಂದು ಬಣದವು: ಕಾರು, ಕರೆಂಟು ಒಪ್ಪುತ್ತಾರೆ, ಟಿವಿ ಒಪ್ಪುವುದಿಲ್ಲ. ಹೆಂಗಸರು ತಲೆಗೆ ಬಿಳಿ ಟೋಪಿ ಧರಿಸುತ್ತಾರೆ, ಗಂಡಸರು ಸೈನ್ಯಕ್ಕೆ ಸೇರುವುದಿಲ್ಲ.

ಭಾರತದಲ್ಲೂ ಮೆನ್ನೊನೈಟರಿದ್ದಾರೆ. ಛತ್ತೀಸ್‌ಗಢದ ಧಮ್ತರಿಗೆ ಅಮೆರಿಕದ ಮಿಷನರಿಗಳು 1899ರಲ್ಲಿ ಬಂದರು. ನಮ್ಮ ರಾಯಚೂರಿಗೆ ಅಂಟಿಕೊಂಡಿದ್ದ ಹಳೆಯ ಮೆಹಬೂಬ್‌ನಗರ ಜಿಲ್ಲೆಯಲ್ಲಿ ಮೆನ್ನೊನೈಟ್ ಬ್ರದರೆನ್ ಸಭೆಗಳು (ಸಭೆ ಎಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಕೂಟ) ನೂರು ವರ್ಷ ದಾಟಿವೆ. ಅವರ ದಾರಿ, ಅವರ ಶಾಲೆಗಳ ರೀತಿ ಬೇರೆ. ಇಲ್ಲಿ ಹೇಳುವುದು ಯಾವುದೂ ಅವರಿಗೆ ಅನ್ವಯಿಸುವುದಿಲ್ಲ.

ಇಪ್ಪತ್ತನೇ ಶತಮಾನದ ಆರಂಭದವರೆಗೆ ಮೆನ್ನೊನೈಟ್ ಮಕ್ಕಳು ಊರಿನ ಸರ್ಕಾರಿ ಏಕೋಪಾಧ್ಯಾಯ ಶಾಲೆಗೇ ಹೋಗುತ್ತಿದ್ದರು. ಟೀಚರು ಪರಿಚಯದವರು, ಶಾಲಾ ಸಮಿತಿಯಲ್ಲಿ ತಮ್ಮವರೂ ಇರುತ್ತಿದ್ದರು, ಮಕ್ಕಳು ನಡೆದೇ ಹೋಗಿ ಬರುತ್ತಿದ್ದರು. ತೊಂದರೆ ಹುಟ್ಟಿದ್ದು ಎರಡು ಕಡೆಯಿಂದ. ಒಂದು, ಧ್ವಜವಂದನೆ. ದೇವರಿಗೆ ಸಲ್ಲುವ ನಿಷ್ಠೆಯನ್ನು ಬಾವುಟಕ್ಕೆ ಕೊಡಲಾರೆವೆಂದು ಮಕ್ಕಳು ಸುಮ್ಮನೆ ನಿಂತರು, ಕೆಲವು ಶಾಲೆಗಳು ಅವರನ್ನು ಹೊರಗೆ ಕಳಿಸಿದವು. ಡೆಲವೇರ್ ರಾಜ್ಯದ ಗ್ರೀನ್‌ವುಡ್‌ನಲ್ಲಿ 1928ರಲ್ಲಿ ಮೆನ್ನೊನೈಟ್ ಶಾಲೆ ಶುರುವಾದದ್ದು ಈ ಜಗಳದಿಂದಲೇ. ಇನ್ನೊಂದು, 1930ರ ದಶಕದಿಂದ ಜೋರಾದ ಶಾಲೆಗಳ ವಿಲೀನ. ಹಳ್ಳಿ ಶಾಲೆ ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ದೂರದ ದೊಡ್ಡ ಶಾಲೆಗೆ ಒಯ್ಯುವ ಕ್ರಮ ಬಂತು. ಹಳ್ಳಿಗಿದ್ದ ಒಂದು ಶಾಲೆಯೂ ಹೋಗುವುದೆಂದರೆ ಏನೆಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ವಂತ ಶಾಲೆ ಇವರಿಗೆ ಹೊಸ ಕಲ್ಪನೆಯಂತೂ ಆಗಿರಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಕ್ರಿಸ್ಟೊಫರ್ ಡಾಕ್ ಎಂಬ ಮೇಷ್ಟ್ರು ಪೆನ್ಸಿಲ್ವೇನಿಯಾದ ಸ್ಕಿಪ್ಪಾಕ್ ಮತ್ತು ಸಾಲ್ಫರ್ಡ್ ಎಂಬ ಎರಡು ಊರುಗಳಲ್ಲಿ ವಾರಕ್ಕೆ ಮೂರು ಮೂರು ದಿನ ಪಾಠ ಹೇಳುತ್ತಿದ್ದ. ಒಂದು ಶಾಲೆಯ ಮಕ್ಕಳಿಂದ ಇನ್ನೊಂದು ಶಾಲೆಯ ಮಕ್ಕಳಿಗೆ ಕಾಗದ ಬರೆಸಿ ತಾನೇ ಒಯ್ದು ಕೊಡುತ್ತಿದ್ದ. ಚೆನ್ನಾಗಿ ಓದಿದವರಿಗೆ ಬಹುಮಾನವೆಂದರೆ ಅವನೇ ಕಾಗದದ ಮೇಲೆ ಬರೆದುಕೊಟ್ಟ ಹೂವೋ ಹಕ್ಕಿಯೋ. ಅವನು 1750ರಲ್ಲಿ ಬರೆದಿಟ್ಟ ಬೋಧನಾ ವಿಧಾನ 1770ರಲ್ಲಿ ಅಚ್ಚಾಯಿತು.

ಸರ್ಕಾರ ಕೇಳುವುದೇನು

ಒರೆಗಾನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಬರಬೇಕೆಂದು ಕಾನೂನು ಮಾಡಿದಾಗ, 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಖಾಸಗಿ ಧಾರ್ಮಿಕ ಶಾಲೆಗಳಿಗೆ ಅಂದಿನಿಂದ ಗಟ್ಟಿ ನೆಲ ಸಿಕ್ಕಿದೆ. ಉಳಿದದ್ದು ಆಯಾ ರಾಜ್ಯದ ಕೈಯಲ್ಲಿದೆ, ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ತುಂಬ ಬೇರೆಯಾಗುತ್ತವೆ.

ಪೆನ್ಸಿಲ್ವೇನಿಯಾದಲ್ಲಿ ಚರ್ಚ್ ನಡೆಸುವ ಶಾಲೆಗೆ ಪರವಾನಗಿ ಬೇಕಿಲ್ಲ, ಟೀಚರಿಗೆ ಸರ್ಕಾರದ ಪ್ರಮಾಣಪತ್ರವೂ ಬೇಕಿಲ್ಲ. ನೋಟರಿ ಮುಂದೆ ಸಹಿ ಮಾಡಿದ ಒಂದು ಅಫಿಡವಿಟ್ಟನ್ನು ರಾಜ್ಯ ಶಿಕ್ಷಣ ಇಲಾಖೆಗೆ ಸಲ್ಲಿಸಬೇಕು. (ಮೆನ್ನೊನೈಟರು ಆಣೆ ಇಡುವುದಿಲ್ಲ. ಕಾನೂನು ಅದಕ್ಕೆ ದಾರಿ ಬಿಟ್ಟಿರುವುದರಿಂದ ‘ದೃಢಪಡಿಸುತ್ತೇನೆ’ ಎಂದಷ್ಟೇ ಹೇಳಿ ಸಹಿ ಹಾಕುತ್ತಾರೆ.) ಪಾಠ ಇಂಗ್ಲಿಷಿನಲ್ಲಿ ನಡೆಯಬೇಕು. ಓದು, ಬರಹ, ಕಾಗುಣಿತ, ಲೆಕ್ಕ, ವಿಜ್ಞಾನ, ಭೂಗೋಳ, ದೇಶದ ಮತ್ತು ರಾಜ್ಯದ ಇತಿಹಾಸ, ಪೌರನೀತಿ, ಆರೋಗ್ಯ, ವ್ಯಾಯಾಮ, ಸಂಗೀತ, ಚಿತ್ರಕಲೆ ಇರಬೇಕು, ಬೆಂಕಿ ಅನಾಹುತದಿಂದ ಪಾರಾಗುವ ಪಾಠವೂ ಬಿಡದೆ ನಡೆಯಬೇಕು. ವರ್ಷಕ್ಕೆ 180 ದಿನ ಶಾಲೆ ನಡೆಸಬೇಕು, ಇಲ್ಲವೇ ಪ್ರಾಥಮಿಕ ಹಂತದಲ್ಲಿ 900 ಗಂಟೆ, ಅದರ ಮೇಲಿನ ಹಂತದಲ್ಲಿ 990 ಗಂಟೆ ಪಾಠವಾಗಬೇಕು.

ಕಾಗದದ ಕೆಲಸದಲ್ಲಿ ಸಣ್ಣ ಶಾಲೆಗಳು ಎಡವುವುದು ಬೇರೆ ಕಡೆ. ಮಕ್ಕಳ ಜೊತೆ ಕೆಲಸ ಮಾಡುವ ನೌಕರರಿಗೆಲ್ಲ ಮೂರು ತಪಾಸಣಾ ಪತ್ರ ಬೇಕು: ರಾಜ್ಯ ಪೊಲೀಸರದು, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ನೋಡಿ ಕೊಡುವುದು, ಬೆರಳಚ್ಚು ಕೊಟ್ಟು ಎಫ್‌ಬಿಐನಿಂದ ಪಡೆಯುವುದು. ಸಂಬಳವಿಲ್ಲದೆ ನೆರವಾಗುವವರಿಗೂ ಕನಿಷ್ಠ ಮೊದಲ ಎರಡು ಬೇಕು. ಇವನ್ನು 60 ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸಬೇಕು. ಟೀಚರದ್ದು ತಪ್ಪದೆ ಆಗುತ್ತದೆ. ವಾರಕ್ಕೊಮ್ಮೆ ಬಂದು ಓದಿಸುವ ತಾಯಿಯದು ಮರೆತುಹೋಗುತ್ತದೆ. ಎಲ್ಲರೂ ಗೊತ್ತಿರುವವರೇ ಅನ್ನುವ ಸಲುಗೆಯೇ ಇದಕ್ಕೆ ಕಾರಣ, ಇಂಥ ಸಮುದಾಯದಲ್ಲಿ ನಿಜವಾದ ಅಪಾಯ ಇರುವುದೂ ಅದೇ ಸಲುಗೆಯಲ್ಲಿ. ಪ್ರತಿಯೊಬ್ಬರ ಹೆಸರು, ಅವಧಿ ಮುಗಿಯುವ ತಾರೀಕು ಬರೆದ ಒಂದು ಹಾಳೆ ಶಾಲೆ ನಡೆಸುವ ಮಂಡಳಿಯ ಕಾರ್ಯದರ್ಶಿಯ ಕಡತದ ಮೊದಲ ಪುಟವಾಗಿರಬೇಕು.

ನಿಯಮ ಬಿಗಿಯಿದ್ದ ಕಡೆ ಪರಿಣಾಮವೂ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ರಾಕ್ಸ್‌ಟನ್ ಫಾಲ್ಸ್‌ನಲ್ಲಿ ಪ್ರಮಾಣಪತ್ರ ಪಡೆದ ಟೀಚರು ಬೇಕು, ವಿಕಾಸವಾದವೂ ಸೇರಿದ ಸರ್ಕಾರಿ ಪಠ್ಯಕ್ರಮ ಕಲಿಸಬೇಕು ಎಂದು ಇಲಾಖೆ ಪಟ್ಟು ಹಿಡಿಯಿತು. 2007ರಲ್ಲಿ ಅಲ್ಲಿನ ಮೆನ್ನೊನೈಟ್ ಕುಟುಂಬಗಳು ಮನೆಮಠ ಬಿಟ್ಟು ಒಂಟಾರಿಯೊ ಕಡೆ ಹೊರಟವು.

ಹದಿನೈದು ನಿಮಿಷದ ಲೆಕ್ಕ

ಈಗ ಕೋಣೆಯೊಳಕ್ಕೆ ಬರೋಣ. ಒಂದು ಕೋಣೆಯಲ್ಲಿ 1ರಿಂದ 4ನೇ ತರಗತಿ, 24 ಮಕ್ಕಳು, ಒಬ್ಬ ಟೀಚರ್ ಎಂದಿಟ್ಟುಕೊಳ್ಳಿ. ಶಾಲೆ ಬೆಳಿಗ್ಗೆ 8:15ರಿಂದ ಮಧ್ಯಾಹ್ನ 3ರವರೆಗೆ, ಅಂದರೆ 405 ನಿಮಿಷ. ಹದಿನೈದು ನಿಮಿಷದ ಎರಡು ಬಿಡುವು, ಊಟಕ್ಕೆ 45 ನಿಮಿಷ ಕಳೆದರೆ 330 ಉಳಿಯಿತು. ಬೆಳಗಿನ ಬೈಬಲ್ ವಾಚನ, ಪ್ರಾರ್ಥನೆ, ವಾದ್ಯವಿಲ್ಲದ ಹಾಡುಗಾರಿಕೆಗೆ 30 ನಿಮಿಷ. ಉಳಿದದ್ದು 300. ನಾಲ್ಕು ತರಗತಿಗೆ ದಿನಕ್ಕೆ ಐದೈದು ವಿಷಯವೆಂದರೆ 20 ಪಾಠ. ಒಂದು ಪಾಠಕ್ಕೆ 15 ನಿಮಿಷ, ಅಷ್ಟೇ. ಅದರಲ್ಲೇ ಮಕ್ಕಳು ಎದ್ದು ಮುಂದೆ ಬರುವುದು, ಪುಸ್ತಕ ತೆರೆಯುವುದು, ಹಿಂದಿನ ದಿನದ ತಪ್ಪು ನೋಡುವುದು ಎಲ್ಲ ಮುಗಿಯಬೇಕು.

ಹೀಗಾಗಿ ಇಡೀ ವ್ಯವಸ್ಥೆ ನಿಂತಿರುವುದು ಒಂದು ನಿಯಮದ ಮೇಲೆ: ಯಾವ ಹೊತ್ತಿನಲ್ಲೂ ಒಂದು ತರಗತಿಗೆ ಮಾತ್ರ ಟೀಚರ್ ಬೇಕಾಗಬೇಕು, ಉಳಿದ ಮೂರಕ್ಕೆ ಕೈಯಲ್ಲಿ ಕೆಲಸವಿರಬೇಕು. ಆ ಕೆಲಸ ಮಕ್ಕಳು ಬರುವ ಮೊದಲೇ ಕಪ್ಪುಹಲಗೆಯ ಮೇಲೆ ತರಗತಿವಾರು ಬರೆದಿರಬೇಕು, ಪುಟ ಸಂಖ್ಯೆ ಮತ್ತು ಲೆಕ್ಕಗಳ ಸಂಖ್ಯೆ ಸಮೇತ. ಬಾಯಲ್ಲಿ ಹೇಳಿದ ಕೆಲಸ ಹತ್ತು ನಿಮಿಷದಲ್ಲಿ ಮರೆಯುತ್ತದೆ, ಮರೆತ ಮಗು ಕೈ ಎತ್ತುತ್ತದೆ, ಕೈ ಎತ್ತಿದ ಕೂಡಲೇ ನಡೆಯುತ್ತಿರುವ ಪಾಠ ಮುರಿಯುತ್ತದೆ.

ಬೆಳಗಿನ ಮೊದಲ ಹೊತ್ತು ಸುಮಾರಾಗಿ ಹೀಗೆ ಸಾಗುತ್ತದೆ. 8:45ಕ್ಕೆ ಒಂದನೇ ತರಗತಿ ಮುಂದಿನ ಬೆಂಚಿಗೆ ಬಂದು ಅಕ್ಷರಗಳ ಉಚ್ಚಾರಣೆ ಅಭ್ಯಾಸ ಮಾಡುತ್ತದೆ, 20 ನಿಮಿಷ. ಆ ಹೊತ್ತಿಗೆ ಉಳಿದ ಮೂರು ತರಗತಿ ಹಿಂದಿನ ದಿನ ಹೇಳಿಕೊಟ್ಟ ಲೆಕ್ಕ ಮುಗಿಸುತ್ತಿರುತ್ತವೆ. 9:05ಕ್ಕೆ ಮೂರನೆಯವರ ಲೆಕ್ಕದ ಪಾಠ, 9:15ಕ್ಕೆ ನಾಲ್ಕನೆಯವರದು, 9:25ಕ್ಕೆ ಎರಡನೆಯವರದು, ತಲಾ ಹತ್ತು ನಿಮಿಷ. 9:35ಕ್ಕೆ ಒಂದನೆಯವರು ಮತ್ತೆ ಬಂದು ಗಟ್ಟಿಯಾಗಿ ಓದುತ್ತಾರೆ. 9:45ರಿಂದ 10ರವರೆಗೆ ಟೀಚರ್ ಯಾವ ಪಾಠವನ್ನೂ ಇಟ್ಟುಕೊಳ್ಳುವುದಿಲ್ಲ, ಸಾಲುಗಳ ನಡುವೆ ಓಡಾಡಿ ಸಿಕ್ಕಿಹಾಕಿಕೊಂಡವರನ್ನು ಬಿಡಿಸುತ್ತಾರೆ. ಹೊಸ ಟೀಚರು ಮೊದಲು ಕೈಬಿಡುವುದು ಈ ಹದಿನೈದು ನಿಮಿಷವನ್ನು, ಪಾಠಕ್ಕೆ ಸಮಯ ಸಾಲದೆಂದು. ಎರಡು ವಾರದೊಳಗೆ ಕೈಗಳು ಪಾಠದ ನಡುವೆಯೇ ಏಳತೊಡಗುತ್ತವೆ, ಕೊನೆಗೆ ಉಳಿಸಿದ್ದಕ್ಕಿಂತ ಹೆಚ್ಚು ಸಮಯ ಕಳೆದುಹೋಗುತ್ತದೆ.

ಮೂರನೇ ತರಗತಿಯ ಭಾಗಾಕಾರ ಹತ್ತು ನಿಮಿಷಕ್ಕೆ ಮುಗಿಯದೆ ಹದಿನೇಳಾಯಿತು ಎನ್ನಿ. ಆ ಏಳು ನಿಮಿಷ ಸೀದಾ ಮಧ್ಯಾಹ್ನಕ್ಕೆ ಸರಿಯುತ್ತದೆ. ಬೆಳಿಗ್ಗೆ ಓದು ಮತ್ತು ಲೆಕ್ಕ, ಮಧ್ಯಾಹ್ನ ವಿಜ್ಞಾನ, ಇತಿಹಾಸ, ಚಿತ್ರಕಲೆ ಇರುವುದರಿಂದ ಪೆಟ್ಟು ಬೀಳುವುದು ಪ್ರತಿ ಸಲ ಇವಕ್ಕೇ. ಅರ್ಧ ವರ್ಷ ಕಳೆದು ನೋಡಿದರೆ ವಿಜ್ಞಾನದ ಪುಸ್ತಕದಲ್ಲಿ ಎರಡು ಅಧ್ಯಾಯವಷ್ಟೇ ಆಗಿರುತ್ತದೆ. ಅನುಭವಿ ಟೀಚರು ಅಡುಗೆಮನೆಯ ಟೈಮರ್ ಮೇಜಿನ ಮೇಲಿಟ್ಟುಕೊಳ್ಳುತ್ತಾರೆ. ಗಂಟೆ ಹೊಡೆದಾಗ ಅರ್ಥವಾಗದಿದ್ದರೂ ಪಾಠ ನಿಲ್ಲಿಸಿ, ಅದನ್ನೇ ಮರುದಿನದ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುತ್ತಾರೆ.

ತಿದ್ದುವ ಕೆಲಸ ಇನ್ನೊಂದು ಗುಂಡಿ. 24 ಮಕ್ಕಳು, ಐದು ವಿಷಯ, ದಿನಕ್ಕೆ 120 ಪುಟ. ಪುಟಕ್ಕೆ ಒಂದೂವರೆ ನಿಮಿಷ ಹಿಡಿದರೂ ಮೂರು ಗಂಟೆ. ಇದನ್ನೆಲ್ಲ ಮನೆಗೆ ಹೊತ್ತೊಯ್ಯುವ ಟೀಚರ್ ಕ್ರಿಸ್‌ಮಸ್ ಹೊತ್ತಿಗೆ ಬಳಲಿ ಬೆಂಡಾಗಿರುತ್ತಾರೆ. ದಿನನಿತ್ಯದ ಲೆಕ್ಕವನ್ನು ಮಕ್ಕಳೇ ತರಗತಿಯಲ್ಲಿ ಅದಲುಬದಲು ಮಾಡಿಕೊಂಡು ತಿದ್ದಬೇಕು, ಕಾಗುಣಿತವನ್ನು ವಾರಕ್ಕೆರಡು ದಿನ ಬರುವ ಸಹಾಯಕಿ ನೋಡಬೇಕು. ಪರೀಕ್ಷೆ ಮತ್ತು ಪ್ರಬಂಧ ಮಾತ್ರ ಟೀಚರ ಕೈಗೆ ಹೋಗಬೇಕು.

ಮೇಲಿನ ತರಗತಿಗಳಲ್ಲಿ ಸಮಯ ಉಳಿಸುವ ದೊಡ್ಡ ಉಪಾಯವೆಂದರೆ ಜೋಡಿಸುವುದು. 5 ಮತ್ತು 6ನೆಯವರಿಗೆ ವಿಜ್ಞಾನ, ಇತಿಹಾಸ ಒಟ್ಟಿಗೇ ನಡೆಯುತ್ತದೆ. ಈ ವರ್ಷ ಇಬ್ಬರಿಗೂ ಐದರ ಪುಸ್ತಕ, ಮುಂದಿನ ವರ್ಷ ಇಬ್ಬರಿಗೂ ಆರರದು. ಮಗು ಆರನ್ನು ಮೊದಲು ಓದಿ ಐದನ್ನು ಆಮೇಲೆ ಓದಿದರೂ ಇಲ್ಲಿ ನಷ್ಟವಿಲ್ಲ. ಲೆಕ್ಕ ಮತ್ತು ವ್ಯಾಕರಣವನ್ನು ಹೀಗೆ ಹಿಂದುಮುಂದು ಮಾಡಲಾಗದು, ಭಿನ್ನರಾಶಿ ಬಾರದವನಿಗೆ ಶೇಕಡಾ ಕಲಿಸುವುದು ಹೇಗೆ? ಯಾವ ವರ್ಷ ಯಾವ ಪುಸ್ತಕ ಎಂಬ ಹಾಳೆ ಕಪಾಟಿನೊಳಗೆ ಅಂಟಿಸಿರದಿದ್ದರೆ, ಟೀಚರ್ ಬದಲಾದ ವರ್ಷ ಅದೇ ಮಕ್ಕಳು ಅದೇ ಪುಸ್ತಕವನ್ನು ಎರಡನೇ ಸಲ ಓದುತ್ತಾರೆ. ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಉತ್ತರ ಗೊತ್ತಿದ್ದರೆ ಯಾರಿಗೆ ಬೇಡ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನು ಬಲ್ಲವರು ಇಲ್ಲಿ ವ್ಯತ್ಯಾಸ ಗುರುತಿಸುತ್ತಾರೆ. ನಲಿ-ಕಲಿಯಲ್ಲಿ 1ರಿಂದ 3ನೇ ತರಗತಿಯವರು ಬೆರೆತು ಗುಂಪುಗಳಲ್ಲಿ ಕೂತು, ಕಲಿಕಾ ಏಣಿಯನ್ನು ಅವರವರ ವೇಗದಲ್ಲಿ ಹತ್ತುತ್ತಾರೆ. ಮೆನ್ನೊನೈಟ್ ಶಾಲೆಯಲ್ಲಿ ತರಗತಿಯ ಗೆರೆ ಗಟ್ಟಿ. ಎರಡನೆಯವರು ಎರಡನೆಯವರೇ, ಆದರೆ ಪಕ್ಕದ ಮೂರನೆಯವರ ಪಾಠ ಕಿವಿಗೆ ಬೀಳುತ್ತಲೇ ಇರುತ್ತದೆ. ಚುರುಕು ಮಗು ಹೀಗೆ ಒಂದು ವರ್ಷ ಮೊದಲೇ ಅರ್ಧ ಕಲಿತಿರುತ್ತದೆ, ಗಮನ ಬೇಗ ಚದುರುವ ಮಗು ದಿನವಿಡೀ ಹೆಣಗುತ್ತದೆ. ಅಂಥವರ ಬೆಂಚನ್ನು ಪಾಠದ ಬೆಂಚಿಗೆ ಬೆನ್ನು ಮಾಡಿ ಹಾಕುವುದು ಅಗ್ಗದ ಪರಿಹಾರ.

ಇಷ್ಟೆಲ್ಲ ಲೆಕ್ಕಾಚಾರವನ್ನು ಒಂದು ವಿಷಯ ಬುಡಮೇಲು ಮಾಡಬಲ್ಲದು: ಒಂದನೇ ತರಗತಿಯ ಸಂಖ್ಯೆ. ಓದಲು ಬಾರದ ಮಗುವಿಗೆ ಸ್ವಂತವಾಗಿ ಮಾಡುವ ಕೆಲಸ ಕೊಡಲಾಗದು. ಇಬ್ಬರಿದ್ದರೆ ಸಾಗುತ್ತದೆ. ಏಳು ಮಂದಿ ಒಟ್ಟಿಗೆ ಬಂದರೆ ಕೋಣೆಯ ಅರ್ಧ ದಿನ ಅವರಿಗೇ ಬೇಕು. ಸಭೆಯಲ್ಲಿ ಎಷ್ಟು ಕೂಸು ಹುಟ್ಟಿದವೆಂದು ಆರು ವರ್ಷ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಆಗಸ್ಟಿನಲ್ಲಿ ಗಾಬರಿಯಾಗುವ ಮಂಡಳಿಗಳಿಗೆ ಕೊರತೆಯಿಲ್ಲ.

ಪುಸ್ತಕಗಳು

ಸರ್ಕಾರಿ ಪಠ್ಯಪುಸ್ತಕವನ್ನು ಇವರು ಬಳಸುವುದು ಕಡಿಮೆ. ಕೆಂಟಕಿಯ ಕ್ರಾಕೆಟ್ ಎಂಬ ಹಳ್ಳಿಯಲ್ಲಿ 1958ರಲ್ಲಿ ಶುರುವಾದ ರಾಡ್ ಆ್ಯಂಡ್ ಸ್ಟಾಫ್, ವರ್ಜೀನಿಯಾದ ಹ್ಯಾರಿಸನ್‌ಬರ್ಗಿನ ಕ್ರಿಶ್ಚಿಯನ್ ಲೈಟ್, ಆಮಿಶರ ಮತ್ತು ಕುದುರೆಗಾಡಿ ಮೆನ್ನೊನೈಟರ ಮೆಚ್ಚಿನ ಪಾತ್‌ವೇ, ಈ ಮೂರು ಪ್ರಕಾಶನಗಳು ಬಹುಪಾಲು ಶಾಲೆಗಳನ್ನು ಪೂರೈಸುತ್ತವೆ. ವಿಜ್ಞಾನದಲ್ಲಿ ಬೈಬಲಿನ ಸೃಷ್ಟಿಯ ಕತೆಯೇ ಸತ್ಯವೆಂದು ಕಲಿಸುತ್ತಾರೆ. ಗಿಡ, ಹಕ್ಕಿ, ಹವಾಮಾನ, ಯಂತ್ರಗಳ ಪಾಠ ಚೆನ್ನಾಗಿಯೇ ಇರುತ್ತದೆ, ಭೂಮಿಯ ವಯಸ್ಸು ಮತ್ತು ವಿಕಾಸದ ವಿಚಾರದಲ್ಲಿ ಮಗು ಹೊರಗಿನ ವಿಜ್ಞಾನಕ್ಕೆ ಪೂರಾ ಅಪರಿಚಿತವಾಗಿ ಉಳಿಯುತ್ತದೆ.

ರಾಡ್ ಆ್ಯಂಡ್ ಸ್ಟಾಫ್‌ನ ಗುರುತು ವ್ಯಾಕರಣ. ವಾಕ್ಯವನ್ನು ಚಿತ್ರವಾಗಿ ಬರೆಸುವ, 1877ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿಯನ್ನು ಇವರು ಕೈಬಿಟ್ಟಿಲ್ಲ. ಮೊದಲು ಒಂದು ಅಡ್ಡಗೆರೆ. ಅದನ್ನು ಪೂರ್ತಿ ಕತ್ತರಿಸಿ ಕೆಳಗಿಳಿಯುವ ಒಂದು ಲಂಬಗೆರೆ, ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ. ಕರ್ಮವಿದ್ದರೆ ಇನ್ನೊಂದು ಲಂಬಗೆರೆ, ಅದು ಅಡ್ಡಗೆರೆಯನ್ನು ಮುಟ್ಟಿ ಅಲ್ಲೇ ನಿಲ್ಲಬೇಕು, ದಾಟಬಾರದು. ಗುಣವಾಚಕಗಳು ತಾವು ವರ್ಣಿಸುವ ಪದದ ಕೆಳಗೆ ಓರೆಗೆರೆಯಲ್ಲಿ ತೂಗುತ್ತವೆ. ಆರನೇ ತರಗತಿಗೆ ಬರುವಷ್ಟರಲ್ಲಿ ಉಪವಾಕ್ಯಗಳು ಚುಕ್ಕಿಗೆರೆಯಿಂದ ಜೋಡಣೆಯಾಗುತ್ತವೆ. ಇದು ಹಳೆಯ ಶಿಸ್ತಿನ ಚಟವೆಂದು ನಗುವವರಿದ್ದಾರೆ. ಆದರೆ ನಾಲ್ಕು ತರಗತಿ ನೋಡುವ ಟೀಚರಿಗೆ ಇದರ ಲಾಭ ಬೇರೆ: ಹತ್ತು ವಾಕ್ಯಗಳ ಉತ್ತರ ಓದಿ ತಿದ್ದಲು ಐದು ನಿಮಿಷ ಬೇಕು, ಹತ್ತು ಚಿತ್ರಗಳಲ್ಲಿ ತಪ್ಪು ಗೆರೆ ಬೆಂಚಿನ ಪಕ್ಕ ನಡೆದುಹೋಗುವಾಗಲೇ ಕಣ್ಣಿಗೆ ಹೊಡೆಯುತ್ತದೆ.

ಕ್ರಿಶ್ಚಿಯನ್ ಲೈಟ್‌ನದು ಬೇರೆ ದಾರಿ. ಒಂದು ವಿಷಯಕ್ಕೆ ವರ್ಷಕ್ಕೆ ಹತ್ತು ತೆಳು ಪುಸ್ತಿಕೆ, ಮಗು ತಾನೇ ಓದಿ ಅದರಲ್ಲೇ ಉತ್ತರ ಬರೆಯುತ್ತದೆ. 180 ದಿನಕ್ಕೆ ಹತ್ತು, ಅಂದರೆ ಪುಸ್ತಿಕೆಗೆ 18 ದಿನ. ಟೀಚರಿಲ್ಲದೆ ಮುಂದುವರಿಯಬಹುದಾದ್ದರಿಂದ ತೀರ ಸಣ್ಣ ಶಾಲೆಗಳಿಗೆ ಇದು ಅನುಕೂಲ. ಹಾಳಾಗುವುದು ಎರಡು ಕಡೆ. ಮಗು ತಾನೇ ತಿದ್ದಿಕೊಳ್ಳುವ ಕಡೆ ಉತ್ತರಪುಸ್ತಕ ಕೈಗೆ ಸಿಗುವುದರಿಂದ ನಕಲು ಸುಲಭ. ಇದಕ್ಕೆ ಉತ್ತರಪುಸ್ತಕಗಳನ್ನು ಟೀಚರ ಕಣ್ಣಳತೆಯ ಬೇರೆ ಮೇಜಿನಲ್ಲಿಟ್ಟು, ಅಲ್ಲಿಗೆ ಪೆನ್ಸಿಲ್ ತರಬಾರದು, ಅಲ್ಲೇ ಕಟ್ಟಿರುವ ಕೆಂಪು ಪೆನ್ನಿನಿಂದ ಗುರುತು ಹಾಕಿ ಹಿಂತಿರುಗಬೇಕು ಎಂಬ ನಿಯಮ ಮಾಡುತ್ತಾರೆ. ಎರಡನೆಯದು ಹೆಚ್ಚು ಸೂಕ್ಷ್ಮ. ಮಗು ಪಾಠ ಓದದೆ, ಮೊದಲು ಖಾಲಿ ಜಾಗ ನೋಡಿ, ಅದಕ್ಕೆ ಸರಿಹೊಂದುವ ಪದವನ್ನು ಮೇಲೆ ಹುಡುಕಿ ತುಂಬುತ್ತದೆ. ಅಂಕ ಚೆನ್ನಾಗಿ ಬರುತ್ತದೆ, ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಪುಸ್ತಿಕೆ ಮುಚ್ಚಿಸಿ ಬಾಯಲ್ಲಿ ಹೇಳಿಸದಿದ್ದರೆ ಇದು ಪತ್ತೆಯಾಗುವುದಿಲ್ಲ.

ಕುದುರೆಗಾಡಿ ಮೆನ್ನೊನೈಟರ ಮನೆಮಾತು ಪೆನ್ಸಿಲ್ವೇನಿಯಾದ ಜರ್ಮನ್ ಆಡುನುಡಿ. ಅವರ ಮಕ್ಕಳು ಒಂದನೇ ತರಗತಿಗೆ ಬಂದಾಗ ಇಂಗ್ಲಿಷ್ ಹೆಚ್ಚು ಬಾರದು. ಮಾತು ಬಾರದ ಭಾಷೆಯಲ್ಲಿ ಅಕ್ಷರ ಕಲಿಸಿದರೆ ಮಗು ಶಬ್ದ ಉಚ್ಚರಿಸುತ್ತದೆಯೇ ಹೊರತು ಅರ್ಥ ತಲುಪುವುದಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಬಾಯಿಮಾತಿನ ಇಂಗ್ಲಿಷಿಗೇ ಒತ್ತು.

ದುಡ್ಡು ಮತ್ತು ಮಂಡಳಿ

ಶಾಲೆಯನ್ನು ನಡೆಸುವುದು ಸಭೆ ಅಥವಾ ಪೋಷಕರು ಆರಿಸಿದ ಮೂರರಿಂದ ಐದು ಗಂಡಸರ ಮಂಡಳಿ. ನಮ್ಮ ಎಸ್‌ಡಿಎಂಸಿಗೂ ಇದಕ್ಕೂ ಹೋಲಿಕೆ ಕಡಿಮೆ: ಟೀಚರನ್ನು ನೇಮಿಸುವುದು, ಸಂಬಳ ಕೊಡುವುದು, ಪುಸ್ತಕ ಆರಿಸುವುದು, ಛಾವಣಿ ಸೋರಿದರೆ ಏಣಿ ಹತ್ತುವುದು, ಎಲ್ಲ ಇವರದೇ. ಎಲ್ಲರೂ ಒಟ್ಟಿಗೆ ನಿವೃತ್ತರಾಗದಂತೆ ಅವಧಿಗಳನ್ನು ಹಿಂದುಮುಂದಾಗಿ ಇಡುತ್ತಾರೆ.

ವರ್ಷದ ಖರ್ಚು 60,000 ಡಾಲರ್, ಮಕ್ಕಳು 30 ಎಂದು ಲೆಕ್ಕಕ್ಕೆ ಹಿಡಿಯಿರಿ. ತಲೆಗೆ 2,000. ಇದು ನ್ಯಾಯವಾಗಿ ಕಾಣುತ್ತದೆ, ಆರು ಮಕ್ಕಳಿರುವ ಡೈರಿ ರೈತ 12,000 ಕಟ್ಟಬೇಕಾಗುವವರೆಗೆ. ಈ ಸಮುದಾಯದಲ್ಲಿ ಆರು ಮಕ್ಕಳು ಅಪರೂಪವಲ್ಲ. ಆದ್ದರಿಂದ ಕೆಲವು ಶಾಲೆಗಳು ಮೂರನೇ ಮಗುವಿನ ನಂತರ ಶುಲ್ಕ ಇಳಿಸುತ್ತವೆ ಅಥವಾ ಕುಟುಂಬಕ್ಕೊಂದು ಮಿತಿ ಹಾಕುತ್ತವೆ. ಆಗ ಉಳಿಕೆಯ ಭಾರ ಎರಡು ಮಕ್ಕಳ ಎಳೆಯ ದಂಪತಿಗಳ ಮೇಲೆ ಬೀಳುತ್ತದೆ. ಮೂರನೆಯ ದಾರಿ, ಶುಲ್ಕವೇ ಇಲ್ಲದೆ ಇಡೀ ಸಭೆ ಖರ್ಚು ಹೊರುವುದು: ಮಕ್ಕಳು ದೊಡ್ಡವರಾದವರು, ಮಕ್ಕಳಿಲ್ಲದವರು ಕೂಡ ತಿಂಗಳ ಕಾಣಿಕೆ ಹಾಕುತ್ತಾರೆ. ಸಭೆ ಗಟ್ಟಿಯಾಗಿದ್ದರೆ ಈ ದಾರಿಯೇ ಉತ್ತಮ, ಆದರೆ ಸಭೆ ಒಡೆದ ವರ್ಷ ಶಾಲೆಯ ಆದಾಯವೂ ಅರ್ಧವಾಗುತ್ತದೆ. ಇವುಗಳ ಜೊತೆಗೆ ಹಳೆ ಪೀಠೋಪಕರಣ, ಹೊಲಿದ ಕೌದಿ, ತಿಂಡಿಗಳ ಹರಾಜಿನಿಂದ ಒಂದಿಷ್ಟು ಬರುತ್ತದೆ.

ಸರ್ಕಾರದ ನೆರವು ಬೇಡವೆನ್ನುವುದು ಸಾಮಾನ್ಯ ನಿಲುವು, ಅದರಲ್ಲೂ ಒಂದು ಸಡಿಲಿಕೆ ಇದೆ. ಪೆನ್ಸಿಲ್ವೇನಿಯಾದ 1972ರ ಕಾನೂನಿನಂತೆ ಸ್ಥಳೀಯ ಸರ್ಕಾರಿ ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕ) ತನ್ನ ಗಡಿಯಿಂದ 10 ಮೈಲಿಯೊಳಗಿನ ಖಾಸಗಿ ಶಾಲೆಯ ಮಕ್ಕಳನ್ನೂ ಬಸ್ಸಿನಲ್ಲಿ ಒಯ್ಯಬೇಕು. ಪುಸ್ತಕ ಬೇಡ, ದುಡ್ಡು ಬೇಡ ಎನ್ನುವ ಎಷ್ಟೋ ಶಾಲೆಗಳು ಬಸ್ಸನ್ನು ಒಪ್ಪಿಕೊಂಡಿವೆ. ಒಪ್ಪಿದ ಮೇಲೆ ಶಾಲೆಯ ಶುರು, ಮುಗಿತಾಯ, ರಜೆ ಎಲ್ಲವೂ ಬಸ್ಸಿನ ಸಮಯಕ್ಕೆ ಹೊಂದಿಕೊಳ್ಳಬೇಕಾಗುತ್ತದೆ, ಸುಗ್ಗಿಗೆ ರಜೆ ಕೊಡುವ ಸ್ವಾತಂತ್ರ್ಯ ಹೋಗುತ್ತದೆ.

ಲೆಕ್ಕಪುಸ್ತಕದಲ್ಲಿ ಕಾಣದ ಆದಾಯವೆಂದರೆ ಪೋಷಕರ ಕೆಲಸ. ಕಸ ಗುಡಿಸುವುದು, ಹುಲ್ಲು ಕತ್ತರಿಸುವುದು, ಹಿಮ ಸರಿಸುವುದು, ವಾರಕ್ಕೊಂದು ದಿನ ಬಿಸಿ ಊಟ ತರುವುದು, ಎಲ್ಲಕ್ಕೂ ಸರದಿ ಪಟ್ಟಿ ಇರುತ್ತದೆ. ಆಗಸ್ಟಿನಲ್ಲಿ ಒಂದು ಶನಿವಾರ ಎಲ್ಲರೂ ಸೇರಿ ನೆಲ ತಿಕ್ಕಿ, ಬೆಂಚಿನ ತಿರುಪು ಬಿಗಿದು, ಕಿಟಕಿ ಒರೆಸುತ್ತಾರೆ. ಇದಕ್ಕೆಲ್ಲ ಕೂಲಿ ಕೊಡಬೇಕಾಗಿ ಬಂದರೆ ಶುಲ್ಕ ಎಲ್ಲಿಗೆ ಹೋಗುತ್ತಿತ್ತೆಂದು ಖಜಾಂಚಿಗೆ ಚೆನ್ನಾಗಿ ಗೊತ್ತು.

ಟೀಚರ್ ಸಿಗುವುದೇ ಕಷ್ಟ

ಹೆಚ್ಚಿನವರು ಇಪ್ಪತ್ತರ ಆಸುಪಾಸಿನ, ಮದುವೆಯಾಗದ ಹೆಣ್ಣುಮಕ್ಕಳು. ತಾವೂ ಇಂಥದೇ ಶಾಲೆಯಲ್ಲಿ ಓದಿದವರು. ಎರಡು ಮೂರು ವರ್ಷ ಕಲಿಸಿ, ಕೆಲಸ ಕೈಗೆ ಹತ್ತುವ ಹೊತ್ತಿಗೆ ಮದುವೆಯಾಗಿ ಬಿಡುತ್ತಾರೆ. ಸಂಸಾರ ಸಾಕುವ ಗಂಡಸಿಗೆ ಶಾಲೆಯ ಸಂಬಳ ಸಾಲದು, ಬಡಗಿ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ಮಂಡಳಿ ಜನವರಿಯಲ್ಲೇ ಹುಡುಕಾಟ ಶುರುಮಾಡಿದರೆ ಆಯ್ಕೆಗೆ ಅವಕಾಶವಿರುತ್ತದೆ. ಮೇ ತಿಂಗಳಿನವರೆಗೆ ಕಾದವರಿಗೆ ಸಿಗುವುದು ಯಾರೂ ಕರೆಯದೆ ಉಳಿದವರು.

ಬಿ.ಎಡ್. ಬದಲಿಗೆ ಇರುವುದು ಬೇಸಿಗೆಯ ತರಬೇತಿ ಶಿಬಿರಗಳು. ಪೆನ್ಸಿಲ್ವೇನಿಯಾದ ಗೈಸ್ ಮಿಲ್ಸ್‌ನಲ್ಲಿರುವ ಫೇತ್ ಬಿಲ್ಡರ್ಸ್‌ನಂಥ ಸಂಸ್ಥೆಗಳು ಅದಕ್ಕಿಂತ ದೀರ್ಘ ತರಬೇತಿಯನ್ನೂ ಕೊಡುತ್ತವೆ. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಟೀಚರ್ ಬಿಟ್ಟುಹೋಗುವ ಮೊದಲು ಹೊಸಬರು ಒಂದೆರಡು ವಾರ ಅದೇ ಕೋಣೆಯಲ್ಲಿ ಕೂತು ನೋಡುವುದು. ಖರ್ಚಿಲ್ಲದ ಈ ಕೆಲಸವನ್ನು ಮಂಡಳಿಗಳು ಆಶ್ಚರ್ಯವಾಗುವಷ್ಟು ಸಲ ಮರೆಯುತ್ತವೆ.

ಓದಲು ತೀರಾ ಕಷ್ಟಪಡುವ ಮಕ್ಕಳ ವಿಷಯದಲ್ಲಿ ಸಣ್ಣ ಶಾಲೆ ಬೇಗ ಸೋಲುತ್ತದೆ. ಹದಿನೈದು ನಿಮಿಷದ ಪಾಠದಲ್ಲಿ ಅವರಿಗೆ ಬೇಕಾದ ಅರ್ಧ ಗಂಟೆ ಸಿಗುವುದು ಹೇಗೆ? ಕೆಲವು ಕಡೆ ಇದಕ್ಕೇ ಒಬ್ಬರನ್ನು ನೇಮಿಸಿ ಚಿಕ್ಕ ಕೋಣೆ ಕಟ್ಟಿಸಿದ್ದಾರೆ. ಉಳಿದ ಕಡೆ ಮಗು ಸರ್ಕಾರಿ ಶಾಲೆಗೆ ಹೋಗುತ್ತದೆ, ಅಥವಾ ಹಿಂದೆ ಬೀಳುತ್ತಲೇ ಎಂಟನೇ ತರಗತಿ ದಾಟುತ್ತದೆ.

ಎಂಟರ ನಂತರ

1972ರ ಮೇ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ವಿಸ್ಕಾನ್ಸಿನ್ ವಿರುದ್ಧ ಯೋಡರ್ ತೀರ್ಪು ಆಮಿಶರ ಮೊಕದ್ದಮೆಯೆಂದೇ ಹೆಸರಾಗಿದೆ. ಎಂಟನೇ ತರಗತಿ ಮುಗಿಸಿದ ಮಕ್ಕಳನ್ನು ಹೈಸ್ಕೂಲಿಗೆ ಕಳಿಸದ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿದ್ದಿತ್ತು. ಇಬ್ಬರು ಆಮಿಶರು, ಮೂರನೆಯ ಏಡಿನ್ ಯುಟ್ಜಿ ಕನ್ಸರ್ವೇಟಿವ್ ಆಮಿಶ್ ಮೆನ್ನೊನೈಟ್ ಸಭೆಯವರು. ಧಾರ್ಮಿಕ ಸ್ವಾತಂತ್ರ್ಯದ ಮುಂದೆ ರಾಜ್ಯದ ಕಡ್ಡಾಯ ಶಿಕ್ಷಣ ಕಾನೂನು ಸೋತಿತು. ನ್ಯಾಯಮೂರ್ತಿ ಡಗ್ಲಸ್ ಮಾತ್ರ ಒಂದು ಅಪಸ್ವರ ಎತ್ತಿದರು: ತಂದೆಯರ ಇಷ್ಟ ಕೇಳಿದ್ದಾಯಿತು, ಮಕ್ಕಳನ್ನು ಯಾರು ಕೇಳಿದರು? ಆ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಪೆನ್ಸಿಲ್ವೇನಿಯಾ 2020ರಿಂದ ಕಡ್ಡಾಯ ಶಿಕ್ಷಣದ ವಯಸ್ಸನ್ನು 6ರಿಂದ 18ಕ್ಕೆ ವಿಸ್ತರಿಸಿದೆ. ಆದರೂ ಪ್ರಾಥಮಿಕ ಶಾಲೆಯ ಕೊನೆಯ ತರಗತಿ ಮುಗಿಸಿದ 14 ವರ್ಷದವರು ಅನುಮತಿ ಪಡೆದು ಹೊಲದ ಕೆಲಸಕ್ಕೋ ಮನೆಗೆಲಸಕ್ಕೋ ನಿಲ್ಲಬಹುದು. ಕುದುರೆಗಾಡಿಯವರು ಬಹುತೇಕ ಅಲ್ಲಿಗೆ ಮುಗಿಸುತ್ತಾರೆ. ಕಾರು ಓಡಿಸುವ ಬಣಗಳಲ್ಲಿ ಹತ್ತರವರೆಗೆ, ಕೆಲವು ಕಡೆ ಹನ್ನೆರಡರವರೆಗೆ ಶಾಲೆ ಬೆಳೆದಿದೆ. ಇನ್ನು ಕೆಲವರು ಪುಸ್ತಿಕೆಗಳನ್ನು ತರಿಸಿಕೊಂಡು ಮನೆಯಲ್ಲೇ ಓದುತ್ತಾರೆ.

ಮುಂದೆ ನರ್ಸಿಂಗ್ ಮಾಡಬೇಕು, ಗುತ್ತಿಗೆದಾರನಾಗಿ ಪರವಾನಗಿ ಪಡೆಯಬೇಕು ಅನ್ನುವವರಿಗೆ, ಸಮುದಾಯ ಬಿಟ್ಟು ಹೊರಡುವವರಿಗೆ ಉಳಿದ ಬಾಗಿಲು ಜಿಇಡಿ, ಹೈಸ್ಕೂಲ್ ಪ್ರಮಾಣಪತ್ರಕ್ಕೆ ಸಮನಾದ ಪರೀಕ್ಷೆ. ಅದರಲ್ಲಿ ನಾಲ್ಕು ಭಾಗ: ಭಾಷೆ, ಗಣಿತ, ವಿಜ್ಞಾನ, ಸಮಾಜ. ಭಾಷೆಯಲ್ಲಿ ಆ ಗೆರೆಚಿತ್ರಗಳ ವ್ಯಾಕರಣ ಕೈಹಿಡಿಯುತ್ತದೆ. ಗಣಿತದಲ್ಲಿ ಕೂಡು-ಕಳೆ, ಭಿನ್ನರಾಶಿ, ಶೇಕಡಾ ಗಟ್ಟಿಯಿದ್ದರೂ ಎಂಟಕ್ಕೆ ನಿಲ್ಲಿಸಿದವರು ಬೀಜಗಣಿತದಲ್ಲಿ ಸಿಕ್ಕಿಕೊಳ್ಳುತ್ತಾರೆ, ಕೆಲವು ತಿಂಗಳ ಸ್ವಂತ ಅಭ್ಯಾಸ ಬೇಕಾಗುತ್ತದೆ. ಹೆಚ್ಚು ಹಿಂದೆ ಬೀಳುವುದು ವಿಜ್ಞಾನದಲ್ಲಿ, ಅದರಲ್ಲೂ ಮಧ್ಯಾಹ್ನದ ಪಾಠಗಳು ವರ್ಷಗಟ್ಟಲೆ ತಪ್ಪಿಹೋದ ಶಾಲೆಯಿಂದ ಬಂದವರು.